ಸೆಪ್ಸಿಸ್ ಗುಣವಾದ ಮೇಲೆ: ಬದುಕುಳಿದವರ ಆಯುಷ್ಯ ಮತ್ತು ಆರೋಗ್ಯ

ರೋಗಿಯು ಆಸ್ಪತ್ರೆಯಿಂದ ಮನೆಗೆ ಮರಳಿದ ದಿನವೇ ರೋಗವು ಮುಗಿದ ದಿನವೆಂದು ಭಾವಿಸುವುದು ಲೋಕರೂಢಿ. ಹರ್ನಿಯಾ ಶಸ್ತ್ರಚಿಕಿತ್ಸೆ, ಸಾಧಾರಣ ಜ್ವರ ಮುಂತಾದವುಗಳ ಮಟ್ಟಿಗೆ ಈ ಭಾವನೆ ಬಹುಪಾಲು ಸರಿಯೂ ಹೌದು. ಆದರೆ ಸೆಪ್ಸಿಸ್ ಎಂಬ ವ್ಯಾಧಿಯ ವಿಷಯದಲ್ಲಿ ಅದು ತಪ್ಪುಕಲ್ಪನೆ. ಕೆಲವೊಮ್ಮೆ ಪ್ರಾಣಕ್ಕೇ ಎರವಾಗುವ ತಪ್ಪುಕಲ್ಪನೆ. ಸೆಪ್ಸಿಸ್‌ನಿಂದ ಪಾರಾಗಿ ಮನೆಗೆ ಬಂದವರ ಮುಂದಿನ ಒಂದು ವರ್ಷವನ್ನು ಚಿಕಿತ್ಸೆಯ ಮುಂದುವರಿದ ಭಾಗವೆಂದೇ ಪರಿಗಣಿಸಬೇಕೆಂಬುದು ಕಳೆದ ಎರಡು ದಶಕಗಳ ವೈದ್ಯಕೀಯ ಸಂಶೋಧನೆಯಿಂದ ಸ್ಪಷ್ಟವಾಗಿದೆ.

ಕನ್ನಡದಲ್ಲಿ 'ನಂಜು' ಎಂಬ ಹಳೆಯ ಮಾತಿದೆ. ವಿಷವನ್ನುಂಡ ಶಿವನು ನಂಜುಂಡನಾದನು. ಮಾಯದ ಗಾಯವು 'ನಂಜೇರಿತು' ಎಂದು ಹಳ್ಳಿಯ ಜನ ಇಂದಿಗೂ ಹೇಳುತ್ತಾರೆ. ಗ್ರೀಕ್ ಮೂಲದ ಸೆಪ್ಸಿಸ್ ಎಂಬ ಪದದ ಅರ್ಥವೂ ಕೊಳೆಯುವಿಕೆ ಎಂದೇ. ಆದರೆ ಇಂದಿನ ವೈದ್ಯಶಾಸ್ತ್ರವು ಈ ವ್ಯಾಧಿಯನ್ನು ರಕ್ತಕ್ಕೆ ಸೇರಿದ ವಿಷವೆಂದಷ್ಟೇ ನೋಡುವುದಿಲ್ಲ. 2016ರಲ್ಲಿ ಅಂತಾರಾಷ್ಟ್ರೀಯ ತಜ್ಞರು ಒಪ್ಪಿದ ನಿರೂಪಣೆಯಂತೆ, ಸೋಂಕಿನ ವಿರುದ್ಧ ದೇಹವು ತೋರುವ ಪ್ರತಿಕ್ರಿಯೆಯೇ ಹತೋಟಿ ತಪ್ಪಿ, ತನ್ನ ಅಂಗಾಂಗಗಳಿಗೇ ಪ್ರಾಣಾಂತಿಕ ಹಾನಿಯನ್ನು ಉಂಟುಮಾಡುವ ಸ್ಥಿತಿಯೇ ಸೆಪ್ಸಿಸ್. ಸೋಂಕು ಎಲ್ಲಿಂದಲಾದರೂ ಆರಂಭವಾಗಬಹುದು: ನ್ಯುಮೋನಿಯ, ಮೂತ್ರದ ಸೋಂಕು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಹೆರಿಗೆಯ ನಂತರದ ಗರ್ಭಕೋಶದ ಸೋಂಕು, ಇಲಿಜ್ವರ, ಮಲೇರಿಯ. 2005ರ ಜುಲೈ 26ರ ಮಹಾಮಳೆಯ ನಂತರ ಮುಂಬಯಿಯಲ್ಲಿ ನೆರೆನೀರನ್ನು ತುಳಿದವರಲ್ಲಿ ಇಲಿಜ್ವರ ಹಬ್ಬಿ, ಅನೇಕರ ಮೂತ್ರಪಿಂಡ ಮತ್ತು ಯಕೃತ್ತು ಕೆಟ್ಟದ್ದನ್ನು ಅಲ್ಲಿಯ ಹಿರಿಯ ಕನ್ನಡಿಗರು ಮರೆತಿರಲಾರರು. 2020 ಮತ್ತು 2021ರಲ್ಲಿ ಕೋವಿಡ್ ತೀವ್ರಗೊಂಡು ಆಮ್ಲಜನಕದ ಆಸರೆಯಲ್ಲಿ ಉಳಿದುಬಂದ ಅನೇಕರು ಅನುಭವಿಸಿದ್ದೂ ವೈರಾಣುವಿನಿಂದಾದ ಸೆಪ್ಸಿಸ್ ಅನ್ನೇ.

2017ನೆಯ ಇಸವಿಗೆ ಸಂಬಂಧಿಸಿದ ಒಂದು ಜಾಗತಿಕ ಅಂದಾಜು 2020ರಲ್ಲಿ ಪ್ರಕಟವಾಯಿತು. ಅದರಂತೆ ಆ ಒಂದು ವರ್ಷದಲ್ಲಿ ಲೋಕದಲ್ಲಿ ಸುಮಾರು 4 ಕೋಟಿ 89 ಲಕ್ಷ ಜನರಿಗೆ ಸೆಪ್ಸಿಸ್ ತಗುಲಿ, 1 ಕೋಟಿ 10 ಲಕ್ಷ ಜನರು ಮಡಿದರು. ಲೋಕದ ಒಟ್ಟು ಮರಣಗಳಲ್ಲಿ ಇದು ಐದರಲ್ಲಿ ಒಂದು ಪಾಲು. ಅದೇ 2017ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಸೆಪ್ಸಿಸ್‌ನ ತಡೆ, ಪತ್ತೆ ಮತ್ತು ಚಿಕಿತ್ಸೆಯನ್ನು ಕುರಿತು ನಿರ್ಣಯವನ್ನು ಅಂಗೀಕರಿಸಿತು. ಮಡಿದವರ ಸಂಖ್ಯೆಯನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಉಳಿದ ಕೋಟ್ಯಂತರ ಜನರ ಗತಿಯೇನು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ಈ ಪ್ರಶ್ನೆಗೆ ಉತ್ತರ ದೊರೆತಿರುವುದು ಹೆಚ್ಚಾಗಿ ಅಮೆರಿಕ ಮತ್ತು ಯುರೋಪಿನ ಅಧ್ಯಯನಗಳಿಂದ. 2018ರಲ್ಲಿ ಇಂತಹ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದರ ಪ್ರಕಾರ, ಸೆಪ್ಸಿಸ್‌ನಿಂದ ಗುಣ ಹೊಂದಿ ಆಸ್ಪತ್ರೆಯಿಂದ ಹೊರಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಪೂರ್ಣವಾಗಿ ಅಥವಾ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತಾರೆ. ಮೂರರಲ್ಲಿ ಒಂದು ಪಾಲಿನವರು ಮುಂದಿನ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದ ಆರರಲ್ಲಿ ಒಂದು ಪಾಲಿನವರು ತೀವ್ರವಾದ ಊನಗಳೊಡನೆ ಬಾಳಬೇಕಾಗುತ್ತದೆ. ಶೇಕಡಾ 40ರಷ್ಟು ಮಂದಿ 90 ದಿನಗಳೊಳಗಾಗಿ ಮತ್ತೆ ಆಸ್ಪತ್ರೆಯನ್ನು ಸೇರುತ್ತಾರೆ. ಆ ದೇಶಗಳ ರೋಗಿಗಳಲ್ಲಿ ವೃದ್ಧರೇ ಹೆಚ್ಚು; ಭಾರತದಲ್ಲಿ ಇಲಿಜ್ವರ, ಮಲೇರಿಯ, ಹೆರಿಗೆಯ ಸೋಂಕುಗಳಿಂದ ನರಳುವ ಎಳೆಯ ವಯಸ್ಸಿನವರೂ ಬಹಳ. ಆದಕಾರಣ ಈ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ಅನ್ವಯಿಸುವುದು ಯುಕ್ತವಲ್ಲ. ಆದರೆ ಅವು ತೋರಿಸುವ ದಿಕ್ಕು ನಿಸ್ಸಂದಿಗ್ಧವಾಗಿದೆ.

ಇಲ್ಲೊಂದು ಸಂದೇಹ ಸಹಜ. ಮೊದಲೇ ಹೃದ್ರೋಗ, ಸಕ್ಕರೆ ಕಾಯಿಲೆ, ವೃದ್ಧಾಪ್ಯಗಳಿಂದ ಬಳಲಿದವರಿಗೇ ಸೆಪ್ಸಿಸ್ ತಗುಲುವುದರಿಂದ, ಅವರ ಮರಣಕ್ಕೆ ಆ ಹಳೆಯ ರೋಗಗಳೇ ಕಾರಣವಾಗಿರಬಾರದೇಕೆ? 2016ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನವು ಈ ಸಂದೇಹವನ್ನೇ ಪರೀಕ್ಷೆಗೆ ಒಡ್ಡಿತು. ಸೆಪ್ಸಿಸ್ ಬಂದ 960 ವೃದ್ಧರನ್ನು, ವಯಸ್ಸು ಮತ್ತು ಹಿಂದಿನ ಆರೋಗ್ಯ ಸರಿಸುಮಾರು ಅವರಂತೆಯೇ ಇದ್ದ ಇತರರೊಂದಿಗೆ ಹೋಲಿಸಲಾಯಿತು. ಮೊದಲ ತಿಂಗಳನ್ನು ದಾಟಿ ಉಳಿದವರಲ್ಲಿ ಐವರಿಗೆ ಒಬ್ಬರು ಎರಡು ವರ್ಷಗಳೊಳಗೆ ಮೃತರಾಗಲು ಅವರ ಹಿಂದಿನ ಅನಾರೋಗ್ಯವು ಕಾರಣವಲ್ಲವೆಂದು ಕಂಡುಬಂತು. ಅಂದರೆ ಸೆಪ್ಸಿಸ್ ತಾನು ಹೋದ ಮೇಲೂ ತನ್ನ ಕೆಲಸವನ್ನು ನಡೆಸಿಯೇ ಇರುತ್ತದೆ. ರೋಗನಿರೋಧಕ ವ್ಯವಸ್ಥೆಯು ತಿಂಗಳುಗಟ್ಟಲೆ ಕುಗ್ಗಿರುವುದು, ಹೃದಯ ಮತ್ತು ರಕ್ತನಾಳಗಳ ಮೇಲೆ ಉರಿಯೂತದ ಪರಿಣಾಮ ಉಳಿಯುವುದು, ಮೂತ್ರಪಿಂಡದ ಶಕ್ತಿ ಕುಂದುವುದು ಇದಕ್ಕೆ ಕಾರಣಗಳೆಂದು ತಿಳಿಯಲಾಗಿದೆ. ಹೊಸದಾಗಿ ಸೋಂಕು ತಗುಲುವುದು, ಹೃದಯಾಘಾತ, ಪಾರ್ಶ್ವವಾಯು ಇವುಗಳ ಸಂಭವ ಮೊದಲ ತಿಂಗಳುಗಳಲ್ಲಿ ಅಧಿಕ.

ಮನೆಗೆ ಬಂದವರಲ್ಲಿ ಮೊದಲು ಎದ್ದು ಕಾಣುವುದು ಬಲಹೀನತೆ. ಲಂಡನ್ನಿನ ತೀವ್ರ ನಿಗಾ ಘಟಕಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ರೋಗಿಗಳ ತೊಡೆಯ ಸ್ನಾಯುವಿನ ಗಾತ್ರವು ಕೇವಲ 10 ದಿನಗಳಲ್ಲಿ ಶೇಕಡಾ 17ಕ್ಕಿಂತ ಹೆಚ್ಚು ಕ್ಷೀಣಿಸಿತ್ತು. ಹಾಸಿಗೆಯಲ್ಲಿ ಮಲಗಿದ್ದರಿಂದಷ್ಟೇ ಹೀಗಾಗುವುದಿಲ್ಲ. ರೋಗವೇ ಸ್ನಾಯುವನ್ನು ಕರಗಿಸುತ್ತದೆ, ನರಗಳನ್ನೂ ಹಾನಿಗೊಳಿಸುತ್ತದೆ. ಆದುದರಿಂದಲೇ ಹಿಂದಿನ ತಿಂಗಳು ಬಸ್ಸು ಹಿಡಿಯಲು ಓಡುತ್ತಿದ್ದ ವ್ಯಕ್ತಿಗೆ ಈಗ ಕುರ್ಚಿಯಿಂದೇಳಲು ಎರಡು ಕೈಗಳ ಊರುಗೋಲು ಬೇಕಾಗುತ್ತದೆ. ಲಿಫ್ಟ್ ಇಲ್ಲದ ಮುಂಬಯಿಯ ಚಾಳಿನ ಮೂರನೆಯ ಮಹಡಿಯಲ್ಲಿ ಮನೆಯಿದ್ದರಂತೂ ಆತನು ಸೆರೆಯಾಳಿನಂತೆಯೇ ಸರಿ. ಕೆನಡಾದ ಟೊರಾಂಟೊದಲ್ಲಿ, ಶ್ವಾಸಕೋಶ ತೀವ್ರವಾಗಿ ಕೆಟ್ಟು ಕೃತಕ ಉಸಿರಾಟದಿಂದ ಉಳಿದ 109 ಮಂದಿಯನ್ನು ಗಮನಿಸಿ 2003ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದು ವರ್ಷದ ನಂತರವೂ ಕೆಲಸಕ್ಕೆ ಮರಳಿದವರು ಅರ್ಧಕ್ಕಿಂತ ಕಡಿಮೆ. ಅವರಲ್ಲಿ ಹೆಚ್ಚಿನವರು ನಡುವಯಸ್ಸಿನವರು ಎಂಬುದು ಗಮನಾರ್ಹ.

ಇನ್ನು ಕೆಲವು ಚಿಕ್ಕ ತೊಂದರೆಗಳಿವೆ. ಎರಡು ಮೂರು ತಿಂಗಳಾದ ಮೇಲೆ ತಲೆಗೂದಲು ಕೈತುಂಬ ಉದುರುತ್ತದೆ, ಉಗುರಿನಲ್ಲಿ ಅಡ್ಡಗೆರೆಗಳು ಮೂಡುತ್ತವೆ, ಗಂಟಲಿಗೆ ಕೊಳವೆ ಹಾಕಿದವರ ಧ್ವನಿ ಒಡೆದಿರುತ್ತದೆ, ಬಾಯಿರುಚಿ ಕೆಟ್ಟಿರುತ್ತದೆ. ಇವು ಸಾಮಾನ್ಯವಾಗಿ ತಾವಾಗಿಯೇ ಸರಿಹೋಗುವಂಥವು. ಮೊದಲೇ ಯಾರಾದರೂ ತಿಳಿಸಿದ್ದರೆ ಭಯವಿರುವುದಿಲ್ಲ. ತಿಳಿಸದಿದ್ದರೆ, ಹೊಸ ರೋಗ ಬಂತೆಂದು ಕುಟುಂಬವು ವೈದ್ಯರಿಂದ ವೈದ್ಯರಿಗೆ ಅಲೆಯುತ್ತದೆ.

ದೇಹದ ದೌರ್ಬಲ್ಯವನ್ನು ಎಲ್ಲರೂ ಕಾಣುತ್ತಾರೆ, ಮರುಗುತ್ತಾರೆ. ಮನಸ್ಸಿನ ದೌರ್ಬಲ್ಯಕ್ಕೆ ದೊರೆಯುವುದು ಬಹುಮಟ್ಟಿಗೆ ಬೈಗುಳ. ಅಮೆರಿಕದ ವೃದ್ಧರನ್ನು ಕುರಿತ 2010ರ ಅಧ್ಯಯನವು, ಮಧ್ಯಮ ಅಥವಾ ತೀವ್ರ ಸ್ವರೂಪದ ಬುದ್ಧಿಮಾಂದ್ಯತೆಯುಳ್ಳವರ ಪ್ರಮಾಣವು ತೀವ್ರ ಸೆಪ್ಸಿಸ್‌ಗೆ ಮುಂಚೆ ಶೇಕಡಾ 6ರಷ್ಟಿದ್ದುದು, ಅನಂತರ ಶೇಕಡಾ 17ರ ಸಮೀಪಕ್ಕೆ ಏರಿದುದನ್ನು ತೋರಿಸಿತು. ಈ ಬದಲಾವಣೆ ಎಂಟು ವರ್ಷಗಳ ನಂತರವೂ ಉಳಿದಿತ್ತು. ಅಂಗಡಿಯ ಲೆಕ್ಕ ತಪ್ಪುವುದು, ಗ್ಯಾಸಿನ ಒಲೆ ಆರಿಸಲು ಮರೆಯುವುದು, ಮಾತಿನ ನಡುವೆ ಪದ ಸಿಗದೆ ತಡವರಿಸುವುದು, ಚಿಕ್ಕ ಮಾತಿಗೂ ಸಿಡುಕುವುದು, ಇವೆಲ್ಲ ಸೋಮಾರಿತನವಲ್ಲ, ನಟನೆಯೂ ಅಲ್ಲ, ರೋಗದ ಉಳಿಕೆಗಳು. ಮನೆಯ ಸೊಸೆಯು ಹೆರಿಗೆಯ ಸೆಪ್ಸಿಸ್‌ನಿಂದ ಉಳಿದು ಬಂದ ಮೂರನೆಯ ವಾರದಲ್ಲೇ ಅಡಿಗೆಮನೆಯ ಪೂರ್ಣ ಭಾರವನ್ನು ಹೊರಬೇಕೆಂದು ಬಯಸುವ ಕುಟುಂಬಗಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ತೀವ್ರ ನಿಗಾ ಘಟಕದಲ್ಲಿ ಭ್ರಮೆಗೊಳಗಾದವರ ನೆನಪುಗಳು ಇನ್ನೂ ವಿಚಿತ್ರ. ದಾದಿಯರು ತಮ್ಮನ್ನು ಕೊಲ್ಲಲು ಬಂದರು, ಕೈಕಾಲು ಕಟ್ಟಿ ಎಲ್ಲಿಗೋ ಸಾಗಿಸಿದರು ಎಂಬಂತಹ ಚಿತ್ರಗಳು ನಿಜವಾಗಿ ನಡೆದ ಸಂಗತಿಗಳಿಗಿಂತಲೂ ಸ್ಪಷ್ಟವಾಗಿ ಉಳಿಯುತ್ತವೆ. ಜನ ನಕ್ಕಾರೆಂದು ರೋಗಿಯು ಅವನ್ನು ಯಾರಿಗೂ ಹೇಳುವುದಿಲ್ಲ. ರಾತ್ರಿ ನಿದ್ದೆಗೆಟ್ಟು ಕೂರುತ್ತಾನೆ. ಸ್ಕ್ಯಾಂಡಿನೇವಿಯದ ಆಸ್ಪತ್ರೆಗಳಲ್ಲಿ ಇದಕ್ಕೊಂದು ಸರಳ ಉಪಾಯ ರೂಢಿಗೆ ಬಂತು. ದಾದಿಯರೂ ಬಂಧುಗಳೂ ಪ್ರತಿದಿನ ನಡೆದುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ರೋಗಿಯು ಗುಣವಾದ ಮೇಲೆ ಅವನ ಕೈಗೆ ಕೊಡುತ್ತಾರೆ. ಅದರಿಂದಾಗುವ ಪ್ರಯೋಜನವನ್ನು ಅಳೆದ ಅಧ್ಯಯನಗಳಲ್ಲಿ ಒಂದೇ ತೆರನ ಫಲ ಬಂದಿಲ್ಲವಾದರೂ, ಎರಡು ರೂಪಾಯಿಯ ಪೆನ್ನು ಮತ್ತು ಶಾಲೆಯ ನೋಟುಪುಸ್ತಕದಿಂದ ಆಗುವ ಈ ಕೆಲಸವನ್ನು ಯಾವ ಕುಟುಂಬವೂ ಮಾಡಬಹುದು.

ಹೊರನಾಡಿನ ಕನ್ನಡಿಗರಿಗೆ ಇಲ್ಲಿ ಒಂದು ಪ್ರತ್ಯೇಕ ಕಷ್ಟವಿದೆ. ಮಗನ ಮನೆಯಲ್ಲಿರಲೆಂದು ಪುಣೆಗೋ ಚೆನ್ನೈಗೋ ಬಂದ ತಾಯಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದಿರಬಹುದು. ಪ್ರಜ್ಞೆ ಮಸುಕಾಗಿರುವಾಗ ಸುತ್ತಲೂ ಕೇಳುವ ಅಪರಿಚಿತ ಭಾಷೆ ಗಾಬರಿಯನ್ನು ಹೆಚ್ಚಿಸುತ್ತದೆ. ಭೇಟಿಯ ವೇಳೆಯಲ್ಲಿ ಬಂಧುಗಳು ಆಕೆಯ ಮಾತಿನಲ್ಲೇ ದಿನ, ವೇಳೆ, ಸ್ಥಳಗಳನ್ನು ತಿಳಿಸುವುದು, ಕನ್ನಡಕ ಮತ್ತು ಶ್ರವಣಸಾಧನವನ್ನು ತಂದುಕೊಡುವುದು ಭ್ರಮೆಯ ಚಿಕಿತ್ಸೆಯ ಅಂಗವೇ ಆಗಿದೆ. ಮುಂದೆ ಸ್ಮೃತಿಪರೀಕ್ಷೆ ನಡೆಯುವಾಗಲೂ ತಿಳಿಯದ ಭಾಷೆಯಲ್ಲಿ ಪ್ರಶ್ನೆ ಕೇಳಿದರೆ ಇಲ್ಲದ ದೋಷ ಇದೆಯೆಂದು ತೋರೀತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ರೂಪಿಸಿರುವ ಸ್ಮೃತಿಪರೀಕ್ಷೆಯ ಸಾಧನಗಳು ಕನ್ನಡದಲ್ಲಿಯೂ ಇರುವುದನ್ನು ವೈದ್ಯರ ಗಮನಕ್ಕೆ ತರಬಹುದು. ಮಾನಸಿಕ ಯಾತನೆಗೆ ಸಲಹೆ ಬೇಕಾದವರು 2022ರಲ್ಲಿ ಆರಂಭವಾದ ಟೆಲಿಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿ, ಯಾವ ರಾಜ್ಯದಲ್ಲಿದ್ದರೂ ಕನ್ನಡವನ್ನು ಆರಿಸಿಕೊಳ್ಳಬಹುದು.

ಆಹಾರದ ವಿಷಯಕ್ಕೆ ಬಂದರೆ, ಮೇಲೆ ಹೇಳಿದ 'ನಂಜು' ಎಂಬ ಮಾತೇ ಕನ್ನಡ ಮನೆಗಳಲ್ಲಿ ಒಂದು ತೊಡಕನ್ನು ತಂದೊಡ್ಡುತ್ತದೆ. ಗಾಯಗೊಂಡವರಿಗೆ, ಜ್ವರದಿಂದ ಎದ್ದವರಿಗೆ ಕೆಲವು ಪದಾರ್ಥಗಳು ನಂಜು ಎಂಬ ನಂಬಿಕೆ ಬಹಳ ಹಳೆಯದು. ಬದನೆ, ಹಲಸು, ಮೀನು, ಮೊಟ್ಟೆ, ಕೆಲವು ಕಾಳುಗಳು ಎಂದು ಮನೆತನಕ್ಕೊಂದು ಪಟ್ಟಿಯಿದೆ. ಬದನೆ ಹಲಸುಗಳನ್ನು ಬಿಟ್ಟರೆ ನಷ್ಟವೇನೂ ಇಲ್ಲ. ಆದರೆ ಮೀನು, ಮೊಟ್ಟೆ, ಕಾಳು, ಕೆಮ್ಮಿದ್ದರೆ ಮೊಸರು, ಹೀಗೆ ಒಂದೊಂದಾಗಿ ಬಿಡುತ್ತ ಹೋದಂತೆ ಕರಗಿದ ಸ್ನಾಯುವನ್ನು ಮತ್ತೆ ಕಟ್ಟಬಲ್ಲ ಪ್ರೋಟೀನ್ ಎಲೆಯಿಂದ ಮಾಯವಾಗುತ್ತದೆ. ಉಳಿಯುವುದು ಗಂಜಿ, ಮೆಣಸಿನ ಸಾರು, ಬ್ರೆಡ್ಡು. ಲೆಕ್ಕ ಹಾಕಿ ನೋಡಬಹುದು. 50 ಗ್ರಾಂ ಅಕ್ಕಿಯ ಗಂಜಿಯನ್ನು ದಿನಕ್ಕೆ ಮೂರು ಬಾರಿ ಕುಡಿದರೂ ದೊರೆಯುವ ಪ್ರೋಟೀನ್ ಸುಮಾರು 11 ಗ್ರಾಂ ಮಾತ್ರ. ಚೇತರಿಕೆಯ ಕಾಲದಲ್ಲಿ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 1.2 ಗ್ರಾಂ ಇಲ್ಲವೆ ಅದಕ್ಕಿಂತ ಹೆಚ್ಚು ಬೇಕು. ಎಂದರೆ 50 ಕಿಲೋ ತೂಕದ ಮಹಿಳೆಗೆ ಕನಿಷ್ಠ 60 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು ಅಷ್ಟೇ, 100 ಗ್ರಾಂ ತೊಗರಿಬೇಳೆಯಲ್ಲಿ 20 ಗ್ರಾಮಿಗೂ ಮಿಕ್ಕಿ ಇರುತ್ತದೆ. ಮಾಂಸಾಹಾರ ಸೇವಿಸದವರು ಗಟ್ಟಿ ತೊವ್ವೆ, ಹೆಸರುಕಾಳು, ಮೊಸರು, ಪನೀರು, ಕಡಲೆಕಾಯಿಗಳಿಂದ ಈ ಅಗತ್ಯವನ್ನು ಪೂರೈಸಿಕೊಳ್ಳಬಹುದು. ಒಂದೇ ಹೊತ್ತಿಗೆ ಹೆಚ್ಚು ಉಣ್ಣಲಾಗದವರಿಗೆ ದಿನಕ್ಕೆ ಆರು ಬಾರಿ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಮೂತ್ರಪಿಂಡಕ್ಕೆ ಹಾನಿಯಾದವರು ಮಾತ್ರ ಪ್ರಮಾಣವನ್ನು ವೈದ್ಯರಿಂದಲೇ ನಿಗದಿ ಮಾಡಿಸಿಕೊಳ್ಳುವುದು ಅವಶ್ಯ. ಹಿರಿಯರ ಪಥ್ಯಕ್ಕೆ ಅದರದೇ ಆದ ವಿವೇಕವಿದ್ದ ಕಾಲವಿತ್ತು. ವೆಂಟಿಲೇಟರಿನಿಂದ ಉಳಿದು ಬಂದ ರೋಗಿಯನ್ನು ಆ ಕಾಲ ಕಂಡಿರಲಿಲ್ಲ.

ಆಹಾರದೊಡನೆ ವ್ಯಾಯಾಮವೂ ಸೇರಬೇಕು. 2009ರ ಒಂದು ಅಮೆರಿಕನ್ ಪ್ರಯೋಗದಲ್ಲಿ, ವೆಂಟಿಲೇಟರಿನ ಮೇಲಿರುವಾಗಲೇ ಅಂಗಚಲನೆ ಆರಂಭಿಸಿದವರಲ್ಲಿ ಶೇಕಡಾ 59ರಷ್ಟು ಮಂದಿ ಬಿಡುಗಡೆಯ ವೇಳೆಗೆ ಸ್ವಾವಲಂಬಿಗಳಾಗಿದ್ದರು. ಉಳಿದ ಗುಂಪಿನಲ್ಲಿ ಶೇಕಡಾ 35 ಮಾತ್ರ. ಮನೆಯಲ್ಲಿ ಹಾಸಿಗೆಯಂಚಿನಲ್ಲಿ ಕೂರುವುದು, ಕುರ್ಚಿಯಿಂದ ಎದ್ದು ಕೂರುವುದು, ಗೋಡೆ ಹಿಡಿದು ನಡೆಯುವುದು, ಆಮೇಲೆ ಮೆಟ್ಟಿಲು, ಈ ಕ್ರಮದಲ್ಲಿ ಮುಂದುವರಿಯಬಹುದು. ಆದರೆ ಅತಿಯಾದ ಭರವಸೆಯೂ ಸಲ್ಲದು. ಜರ್ಮನಿಯಲ್ಲಿ ಸೆಪ್ಸಿಸ್‌ನಿಂದ ಉಳಿದ 291 ಮಂದಿಯಲ್ಲಿ ಒಂದು ಗುಂಪಿಗೆ ವಿಶೇಷ ತರಬೇತಿ ಮತ್ತು ಕುಟುಂಬ ವೈದ್ಯರ ನಿಗಾ ಒದಗಿಸಿದ ಪ್ರಯೋಗದ ಫಲಿತಾಂಶ 2016ರಲ್ಲಿ ಹೊರಬಂದಾಗ, ಆರು ತಿಂಗಳ ಕೊನೆಯಲ್ಲಿ ಅವರ ಮಾನಸಿಕ ನೆಮ್ಮದಿಯು ಇತರರಿಗಿಂತ ಗಣನೀಯವಾಗಿ ಮೇಲಿರಲಿಲ್ಲ. ದೈಹಿಕ ಚಟುವಟಿಕೆಯಲ್ಲಿ ಮಾತ್ರ ಒಂದಿಷ್ಟು ಸುಧಾರಣೆಯ ಸೂಚನೆಯಿತ್ತು. ಚೇತರಿಕೆಗೆ ಒಂದೇ ರಾಮಬಾಣವಿಲ್ಲವೆಂದಾಯಿತು. 2021ರ ಅಂತಾರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯು ಬಿಡುಗಡೆಗೆ ಮುನ್ನ ರೋಗಿಗೂ ಕುಟುಂಬಕ್ಕೂ ಸೆಪ್ಸಿಸ್ ಕುರಿತು ಬಾಯಿಮಾತಿನಿಂದಲೂ ಬರವಣಿಗೆಯಿಂದಲೂ ತಿಳಿವಳಿಕೆ ನೀಡುವಂತೆಯೂ, ಅನಂತರ ದೇಹ, ಬುದ್ಧಿ, ಮನಸ್ಸುಗಳ ತೊಂದರೆಗಳನ್ನು ತಪಾಸಣೆ ಮಾಡುವಂತೆಯೂ ಶಿಫಾರಸು ಮಾಡಿದೆ.

ಔಷಧಗಳ ಪಟ್ಟಿಯನ್ನು ಮೊದಲ ಭೇಟಿಯಲ್ಲೇ ಪರಿಶೀಲಿಸಿಕೊಳ್ಳಬೇಕು. ರಕ್ತದೊತ್ತಡ ಕುಸಿದಿದ್ದಾಗ ನಿಲ್ಲಿಸಿದ ಮಾತ್ರೆಗಳನ್ನು ಮತ್ತೆ ಆರಂಭಿಸಲು ಮರೆತುಹೋಗುವುದುಂಟು. ತೀವ್ರ ನಿಗಾ ಘಟಕದಲ್ಲಿ ಆರಂಭಿಸಿದ ನಿದ್ರೆಯ ಮಾತ್ರೆ ಕಾರಣವಿಲ್ಲದೆ ವರ್ಷಗಟ್ಟಲೆ ಮುಂದುವರಿಯುವುದೂ ಉಂಟು. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದವರು ಮೂರು ತಿಂಗಳಿಗೆ ಕ್ರಿಯಾಟಿನಿನ್ ಮತ್ತು ಮೂತ್ರದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅಂಗಡಿಯಲ್ಲಿ ಕೇಳಿ ಕೊಳ್ಳುವ ನೋವಿನ ಮಾತ್ರೆಗಳಿಂದ ದೂರವಿರಬೇಕು. ಇನ್‌ಫ್ಲುಯೆಂಜ ಮತ್ತು ನ್ಯುಮೋಕಾಕಸ್ ಲಸಿಕೆಗಳನ್ನು ಕುರಿತು ವೈದ್ಯರನ್ನು ವಿಚಾರಿಸಬೇಕು.

ಈ ಎಲ್ಲ ಆರೈಕೆ ನಡೆಯಬೇಕಾದುದು ಎಲ್ಲಿ? ಮುಂಬಯಿ, ಪುಣೆ, ಹೈದರಾಬಾದುಗಳ ಹೋಟೆಲು, ಕಾರ್ಖಾನೆಗಳಲ್ಲಿ ದುಡಿಯುವ ಕನ್ನಡಿಗರು ರೋಗಿಯನ್ನು ಚೇತರಿಕೆಗಾಗಿ ಊರಿಗೆ ಕಳುಹಿಸುವುದು ವಾಡಿಕೆ. ಊರಿನಲ್ಲಿ ನೋಡಿಕೊಳ್ಳುವವರಿರುತ್ತಾರೆ, ಗಾಳಿ ಬೆಳಕಿರುತ್ತದೆ, ನಿರ್ಧಾರ ಅವಿವೇಕದ್ದಲ್ಲ. ಆದರೆ ರೈಲು ಹತ್ತಿದ ದಿನವೇ ಚಿಕಿತ್ಸೆಯ ಎಳೆ ಕಡಿದುಹೋಗುತ್ತದೆ. ಬಿಡುಗಡೆ ಪತ್ರವು ನಗರದ ಮನೆಯ ಬೀರುವಿನಲ್ಲಿ ಉಳಿದಿರುತ್ತದೆ. ಊರಿನ ವೈದ್ಯರಿಗೆ 'ಜೋರು ಜ್ವರ ಬಂದಿತ್ತು' ಎಂದಷ್ಟೇ ತಿಳಿಯುತ್ತದೆ. ಬಿಡುಗಡೆ ಪತ್ರ, ರೋಗಾಣು ಪರೀಕ್ಷೆಯ ವರದಿ, ಕೊಟ್ಟ ಆಂಟಿಬಯಾಟಿಕ್‌ಗಳ ಹೆಸರು, ಕೊನೆಯ ಕ್ರಿಯಾಟಿನಿನ್ ಪ್ರಮಾಣ, ಇಷ್ಟರ ಪ್ರತಿ ರೋಗಿಯೊಂದಿಗೇ ಪ್ರಯಾಣ ಮಾಡಬೇಕು.

ಹಣದ ಮಾತನ್ನೂ ಬಿಡುವಂತಿಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯಡಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಆಸ್ಪತ್ರೆಯ ಚಿಕಿತ್ಸೆ ದೊರೆಯುತ್ತದೆ. 2024ರಿಂದ 70 ವರ್ಷ ತುಂಬಿದ ಹಿರಿಯರಿಗೆ ಆದಾಯದ ಮಿತಿಯಿಲ್ಲದೆ ಇದನ್ನು ವಿಸ್ತರಿಸಲಾಗಿದೆ. ಬಿಡುಗಡೆಯ ನಂತರದ 15 ದಿನಗಳ ಔಷಧ ಮತ್ತು ಪರೀಕ್ಷೆಗಳೂ ಇದರಲ್ಲಿ ಸೇರಿವೆ. ಆ ಅವಧಿಯಲ್ಲಿ ಮರುಭೇಟಿಯನ್ನು ತಪ್ಪಿಸಬಾರದು. ಆದರೆ ಸೆಪ್ಸಿಸ್‌ನ ಚೇತರಿಕೆಯು 15 ದಿನಗಳ ಕೆಲಸವಲ್ಲವಾದ್ದರಿಂದ, ಉಳಿದ ತಿಂಗಳುಗಳ ವೆಚ್ಚಕ್ಕೆ ಕುಟುಂಬವು ಮುಂಚಿತವಾಗಿ ಏರ್ಪಾಟು ಮಾಡಿಕೊಳ್ಳಬೇಕಾಗುತ್ತದೆ. ಇ.ಎಸ್.ಐ. ಯೋಜನೆಗೆ ಒಳಪಟ್ಟ ಕಾರ್ಮಿಕರು, ವಂತಿಗೆಯ ನಿಯಮ ಪೂರೈಸಿದ್ದಲ್ಲಿ, ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡಾ 70ರಷ್ಟನ್ನು ಅನಾರೋಗ್ಯ ಭತ್ಯೆಯಾಗಿ ಪಡೆಯಬಹುದು. ಡಯಾಲಿಸಿಸ್ ಅಗತ್ಯವುಳ್ಳ ಬಡವರಿಗೆ 2016ರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವಿದೆ. ಬೆರಳು, ಪಾದಗಳನ್ನು ಕಳೆದುಕೊಂಡವರು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಂತೆ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದು.

ಕೊನೆಯದಾಗಿ, ಮರುಕಳಿಸುವ ಸೋಂಕಿನ ಲಕ್ಷಣಗಳು. ಚಳಿನಡುಕದ ಜ್ವರ ಅಥವಾ ಮೈ ಅತಿಯಾಗಿ ತಣ್ಣಗಾಗುವುದು, ಏದುಸಿರು, ಹೊಸದಾಗಿ ತೋರುವ ಗೊಂದಲ ಅಥವಾ ಮಂಪರು, ಮೂತ್ರ ತೀರ ಕಡಿಮೆಯಾಗುವುದು, ಚರ್ಮದಲ್ಲಿ ನೀಲಿ ಮಚ್ಚೆಗಳು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ವೃದ್ಧರಲ್ಲಿ ಜ್ವರವೇ ಇಲ್ಲದೆ ಗೊಂದಲವೊಂದೇ ಕಾಣಿಸಬಹುದು. ಸರದಿಯಲ್ಲಿ ಕೂರುವ ಮುನ್ನ, ಈ ರೋಗಿಗೆ ಹಿಂದೆ ಸೆಪ್ಸಿಸ್ ಆಗಿತ್ತೆಂದು ತುರ್ತು ಘಟಕದ ಸಿಬ್ಬಂದಿಗೆ ತಿಳಿಸಬೇಕು. ಮರಾಠಿ, ತಮಿಳು, ತೆಲುಗು, ಹಿಂದಿ, ಯಾವ ಭಾಷೆ ಆಡುವ ವೈದ್ಯರಿಗೂ ಆ ಒಂದು ಪದ ಅರ್ಥವಾಗುತ್ತದೆ.